ಅವ್ವ ಯಾಕೆ ಸುಮ್ಮನಾದಳು? ಹಿರಿಯರ ಆರೈಕೆಯ ನರ್ಸ್‌ಗಳು ಕಲಿಯಬೇಕಾದದ್ದು, ಅವರಿಗೆ ಕಲಿಸುವವರು

ಹೋದ ಬೇಸಿಗೆಯಲ್ಲಿ ನಮ್ಮ ಅವ್ವ ಬಚ್ಚಲದಲ್ಲಿ ಜಾರಿ ಬಿದ್ದು ತೊಡೆಯ ಮೇಲ್ತುದಿಯ ಎಲುಬು ಮುರಿದುಕೊಂಡಳು. ಅವಳಿಗೆ 78 ವರ್ಷ. ಬೆಳಗಾವಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಆಯಿತು. ಮೊದಲ ರಾತ್ರಿಯೆಲ್ಲ ನರಳಿದವಳು ಎರಡನೆಯ ದಿನ ಸುಮ್ಮನಾಗಿಬಿಟ್ಟಳು. ಕರೆದರೆ ಕಣ್ಣು ತೆರೆಯುವಳು, ಅರ್ಧ ಮಾತಾಡಿ ಮತ್ತೆ ಮುಚ್ಚುವಳು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನರ್ಸ್ ಹುಡುಗಿ ಬಿಪಿ, ಜ್ವರ ನೋಡಿ ಬರೆದುಕೊಂಡು, "ಎಲ್ಲಾ ನಾರ್ಮಲ್ ಐತ್ರಿ, ಅಜ್ಜಿ ಆರಾಮ ಮಲಗ್ಯಾರ" ಅಂದಳು. ನಮಗೂ ಹಾಗೇ ಅನ್ನಿಸಿತು. ಪಾಪ, ಎರಡು ದಿನದ ನಿದ್ದೆ ತೀರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡೆವು.

ಸಂಜೆ ಡ್ಯೂಟಿಗೆ ಬಂದ ಹಿರಿಯ ಸಿಸ್ಟರ್ ಮಂಚದ ಪಕ್ಕ ಕೂತು, "ಅವ್ವಾರ, ವಾರದ ಹೆಸರು ಹಿಂದಿನಿಂದ ಹೇಳ್ರಿ ನೋಡೂಣು" ಅಂದರು. ಅವ್ವ "ರವಿವಾರ... ಶನಿವಾರ..." ಎಂದು ಅಲ್ಲಿಗೇ ನಿಂತಳು. ಸಿಸ್ಟರ್ ಅವಳ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟು ನೋಡಿದರು. "ಕ್ಯಾಥೆಟರ್, ಒಂದಕ್ಕಿನ ನಳಗಿ, ತಗದ ಮ್ಯಾಲ ಎಷ್ಟ ಸಲ ಒಂದಕ್ಕ ಮಾಡ್ಯಾರ?" ಯಾರ ಹತ್ತಿರವೂ ಉತ್ತರವಿರಲಿಲ್ಲ. ಹೊಟ್ಟೆಯೊಳಗಿನ ಮೂತ್ರಚೀಲ ತುಂಬಿ ಬಿಗಿದಿತ್ತು. ಡಾಕ್ಟರನ್ನು ಕರೆಸಿ ಅದನ್ನು ಖಾಲಿ ಮಾಡಿಸಿದರು, ಮಂಪರು ತರಿಸುತ್ತಿದ್ದ ಒಂದು ಗುಳಿಗೆ ನಿಂತಿತು. ಮರುದಿನ ಮಧ್ಯಾಹ್ನ ಅವ್ವ ತಾನಾಗಿಯೇ "ಒಂದೀಟ ಚಾ ಕೊಡ್ರಿ" ಅಂದಳು.

ಇಬ್ಬರೂ ನರ್ಸ್‌ಗಳೇ. ಇಬ್ಬರಿಗೂ ಕಾಳಜಿ ಇತ್ತು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಯಾಕೆ ಕಾಣಲಿಲ್ಲ? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಮ್ಮ ಭಾಗದ ಎಷ್ಟೋ ಮನೆಗಳಿಗೆ ಈಗ ಇದು ಬೇಕಾದ ಪ್ರಶ್ನೆ. 2011ರ ಜನಗಣತಿಯಲ್ಲೇ ಕರ್ನಾಟಕದ ಜನಸಂಖ್ಯೆಯಲ್ಲಿ 60 ದಾಟಿದವರು ಶೇ 9.5 ಇದ್ದರು, ದೇಶದ ಸರಾಸರಿ ಆಗ ಶೇ 8.6. 2050ರ ಹೊತ್ತಿಗೆ ದೇಶದ ಐವರಲ್ಲಿ ಒಬ್ಬರು ಆ ವಯಸ್ಸಿನವರಾಗಿರುತ್ತಾರೆ ಎಂಬುದು ವಿಶ್ವಸಂಸ್ಥೆಯ ಅಂದಾಜು. ಮಕ್ಕಳು ಪುಣೆ, ಬೆಂಗಳೂರು ಸೇರಿದ್ದಾರೆ. ಊರಲ್ಲಿ ಉಳಿದ ಮುತ್ಯಾ, ಆಯಿಯನ್ನು ನೋಡಿಕೊಳ್ಳಲು "ನರ್ಸ್ ಬೇಕು" ಎಂದು ಹುಡುಕುವುದು ಸಾಮಾನ್ಯವಾಗಿದೆ.

ಮನೆಗೆ ಬರುವವರು ಯಾರು?

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಎಎನ್ಎಂ, ಅಂದರೆ ಸಹಾಯಕ ನರ್ಸ್ ಮತ್ತು ಸೂಲಗಿತ್ತಿ, ಎರಡು ವರ್ಷದ ಓದು. ಹಳ್ಳಿಯ ಉಪಕೇಂದ್ರಗಳಲ್ಲಿ ತಾಯಿ ಮಕ್ಕಳ ಆರೋಗ್ಯ ನೋಡುವವರು ಬಹುಪಾಲು ಇವರೇ. ಜಿಎನ್ಎಂ, ಅಂದರೆ ಸಾಮಾನ್ಯ ನರ್ಸಿಂಗ್ ಮತ್ತು ಹೆರಿಗೆ ಆರೈಕೆ, ಮೂರು ವರ್ಷದ ಡಿಪ್ಲೊಮಾ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ. ಈ ಓದು ಮುಗಿಸಿದವರು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು.

ಇವರಲ್ಲದೆ ಆರೈಕೆ ಸಹಾಯಕರು ಇದ್ದಾರೆ. ಕೆಲವು ತಿಂಗಳ ಕೌಶಲ ತರಬೇತಿ ಪಡೆದು ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಹಾಸಿಗೆಯಲ್ಲಿ ಮಗ್ಗಲು ಬದಲಿಸುವುದು ಇಂಥ ಕೆಲಸ ಮಾಡುವವರು. ಈ ಕೆಲಸ ಸಣ್ಣದಲ್ಲ, ಹಿರಿಯರ ದಿನ ನಡೆಯುವುದೇ ಇದರಿಂದ. ಆದರೆ ಇನ್ಸುಲಿನ್ ಪ್ರಮಾಣ ಹೊಂದಿಸುವುದು, ಹುಣ್ಣಿಗೆ ಡ್ರೆಸಿಂಗ್ ನಿರ್ಧರಿಸುವುದು ಅವರ ಕೆಲಸವಲ್ಲ. ನಾವು ಎಲ್ಲರನ್ನೂ "ಸಿಸ್ಟರ್" ಎಂದು ಕರೆದುಬಿಡುವುದರಿಂದ ಈ ಗೆರೆ ಅಳಿಸಿಹೋಗುತ್ತದೆ. ಅದರ ಭಾರ ಬೀಳುವುದು ಆ ಸಹಾಯಕಿಯ ಮೇಲೆ ಮತ್ತು ಹಾಸಿಗೆಯಲ್ಲಿ ಮಲಗಿದವರ ಮೇಲೆ.

ಮುಪ್ಪಿನ ರೋಗ ಬೇರೆ ಥರ ಮಾತಾಡುತ್ತದೆ

ಮಗುವಿಗೆ ದೊಡ್ಡವರ ಗುಳಿಗೆಯನ್ನು ಅರ್ಧ ಮುರಿದು ಕೊಟ್ಟರೆ ಸಾಲದು, ಅದರ ದೇಹದ ರೀತಿಯೇ ಬೇರೆ ಎಂದು ಎಲ್ಲರಿಗೂ ಗೊತ್ತು. ಅದಕ್ಕೇ ಮಕ್ಕಳ ಡಾಕ್ಟರು, ಮಕ್ಕಳ ವಾರ್ಡು ಬೇರೆ. 80ರ ದೇಹವೂ 40ರ ದೇಹಕ್ಕಿಂತ ಅಷ್ಟೇ ಬೇರೆ ಎಂಬುದು ಮಾತ್ರ ನಮಗಿನ್ನೂ ರೂಢಿಯಾಗಿಲ್ಲ.

ನಡುವಯಸ್ಸಿನವರಿಗೆ ಮೂತ್ರದ ಸೋಂಕಾದರೆ ಉರಿ, ಚಳಿ, ಜ್ವರ. ಹಿರಿಯರಲ್ಲಿ ಜ್ವರವೇ ಬರದೆ, ಗೊಂದಲವಾಗಿ ಅಥವಾ ಪದೇಪದೇ ಬೀಳುವುದಾಗಿ ಅದು ಕಾಣಿಸಿಕೊಳ್ಳಬಹುದು. ಹೃದಯಾಘಾತವಾದರೂ ಎದೆನೋವು ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಮಂಕಾಗುತ್ತದೆ. ವಿಜಯಪುರದ 40 ಡಿಗ್ರಿ ದಾಟಿದ ಬಿಸಿಲಲ್ಲಿ ಅಜ್ಜಿ ನೀರು ಕೇಳಲಿಲ್ಲ ಅಂದರೆ ಅವಳಿಗೆ ನೀರು ಬೇಕಿಲ್ಲ ಎಂದಲ್ಲ. ಎದ್ದು ಪಾಯಖಾನೆಗೆ ಹೋಗುವ ತ್ರಾಸ ಬೇಡವೆಂದು ಬೇಕಂತಲೇ ನೀರು ಕಡಿಮೆ ಮಾಡುವವರೂ ಇದ್ದಾರೆ. ಚರ್ಮ ಚಿವುಟಿ ನೀರಿನಂಶ ಅಂದಾಜು ಮಾಡುವ ಪಾಠ ಇಳಿಬಿದ್ದ ಚರ್ಮಕ್ಕೆ ಹೊಂದುವುದಿಲ್ಲ. ನಾಲಿಗೆ ನೋಡಬೇಕು, ಮೂತ್ರದ ಲೆಕ್ಕ ಇಡಬೇಕು.

ಮೂತ್ರ ಕಟ್ಟಿ, ಗುಳಿಗೆಯ ಮಂಪರೂ ಸೇರಿ ಅವ್ವನಿಗೆ ಆದದ್ದರ ಹೆಸರು ಡೆಲಿರಿಯಂ. ಕೆಲವು ತಾಸು ಅಥವಾ ದಿನಗಳಲ್ಲಿ ಹುಟ್ಟಿಕೊಳ್ಳುವ, ಹೊತ್ತಿಗೊಂದು ಥರ ಏರಿಳಿಯುವ ಗೊಂದಲ. ಕೂಗಾಡಿ ಸಲೈನ್ ಕೀಳುವವರನ್ನು ಎಲ್ಲರೂ ಗಮನಿಸುತ್ತಾರೆ. ಅದರ ಇನ್ನೊಂದು ರೂಪ ಮೌನದ್ದು, ಮಂಪರಿನದು. "ತ್ರಾಸ ಕೊಡಲಾರದ ಪೇಷಂಟ್" ಎನಿಸಿಕೊಳ್ಳುವುದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲ. ಅಮೆರಿಕದ ವೈದ್ಯೆ ಶರಾನ್ ಇನೊಯೆ ಮತ್ತು ಸಂಗಡಿಗರು 1990ರಲ್ಲಿ ಇದನ್ನು ಮಂಚದ ಪಕ್ಕದಲ್ಲೇ ಪತ್ತೆಹಚ್ಚುವ ವಿಧಾನ ಕೊಟ್ಟರು. ನೋಡಬೇಕಾದವು ನಾಲ್ಕು: ಬದಲಾವಣೆ ದಿಢೀರನೆ ಬಂದು ಏರಿಳಿಯುತ್ತಿದೆಯೆ, ಗಮನ ನಿಲ್ಲುತ್ತಿಲ್ಲವೆ, ಮಾತು ದಿಕ್ಕುತಪ್ಪಿದೆಯೆ, ಎಚ್ಚರದ ಮಟ್ಟ ಬದಲಾಗಿದೆಯೆ. ಮೊದಲ ಎರಡರ ಜೊತೆ ಉಳಿದೆರಡರಲ್ಲಿ ಒಂದಿದ್ದರೆ ಡೆಲಿರಿಯಂ ಎಂದು ಗುಮಾನಿಸಿ ಕಾರಣ ಹುಡುಕಬೇಕು. ವಾರದ ಹೆಸರನ್ನು ಹಿಂದಿನಿಂದ ಹೇಳಿಸಿದ್ದು ಗಮನದ ಪರೀಕ್ಷೆ.

ಇದನ್ನು ಡಿಮೆನ್ಷಿಯಾ ಜೊತೆ, ಅಂದರೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಮರೆವಿನ ಕಾಯಿಲೆಯ ಜೊತೆ ಬೆರೆಸಬಾರದು. ಡಿಮೆನ್ಷಿಯಾ ಸಂಜೆಯ ಮಬ್ಬಿನಂತೆ ಮೆಲ್ಲಗೆ ಕವಿಯುತ್ತದೆ. ಡೆಲಿರಿಯಂ ಕರೆಂಟು ಹೋಗಿ ಬಂದು ಮಾಡಿದಂತೆ. ಮೂರನೆಯದು ಖಿನ್ನತೆ, ಅದೂ ಮರೆವಿನ ವೇಷದಲ್ಲಿ ಬರುತ್ತದೆ. ಮೂರನ್ನೂ "ವಯಸ್ಸಾತು, ಅರಳುಮರಳು" ಎಂದು ಒಂದೇ ಗಂಟಿಗೆ ಕಟ್ಟಿದರೆ ಎರಡು ದಿನದಲ್ಲಿ ವಾಸಿಯಾಗಬಹುದಾದದ್ದು ಕೈತಪ್ಪುತ್ತದೆ. ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು ಜನರಿಗೆ, ಸುಮಾರು 88 ಲಕ್ಷ ಮಂದಿಗೆ, ಡಿಮೆನ್ಷಿಯಾ ಇದೆ ಎಂಬ ಅಂದಾಜಿದೆ. ಅವರಿಗೆ ಡೆಲಿರಿಯಂ ಬರುವ ಸಂಭವ ಇನ್ನೂ ಹೆಚ್ಚು.

ಗುಳಿಗೆಗಳದ್ದೇ ಒಂದು ದೊಡ್ಡ ಪಾಠ. ಅಂಗಡಿಯಲ್ಲಿ ಸಿಗುವ ಹಳೆಯ ಕಾಲದ ನೆಗಡಿ ಗುಳಿಗೆಯೂ ಹಿರಿಯರ ತಲೆ ಮಂಕಾಗಿಸಿ, ಮೂತ್ರ ಕಟ್ಟಿಸಬಹುದು. ವಯಸ್ಸಾದವರಿಗೆ ಜೋಪಾನವಾಗಿ ಕೊಡಬೇಕಾದ ಔಷಧಿಗಳ ಪಟ್ಟಿಯೊಂದನ್ನು ಮಾರ್ಕ್ ಬಿಯರ್ಸ್ ಎಂಬ ವೈದ್ಯರು 1991ರಲ್ಲಿ ಶುರುಮಾಡಿದರು. ಅದು ಇಂದಿಗೂ ಪರಿಷ್ಕರಣೆಯಾಗುತ್ತ ಬಂದಿದೆ. ನರ್ಸ್ ಔಷಧಿ ಬರೆಯುವುದಿಲ್ಲ ನಿಜ. ಆದರೆ ಮೂವರು ಡಾಕ್ಟರು ಬರೆದ ಮೂರು ಚೀಟಿಗಳನ್ನು ಒಟ್ಟಿಗೆ ಹರವಿ ನೋಡುವ ಅವಕಾಶ ಸಿಗುವುದು ಆಕೆಗೇ.

ಬೀಳುವುದನ್ನು ತಡೆಯುವುದೂ ಕಲಿಯಬೇಕಾದ ವಿದ್ಯೆ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಎದ್ದಾಗ ಕಣ್ಣು ಕತ್ತಲೆ ಬರುವುದಕ್ಕೆ ಕಾರಣ ಸಿಕ್ಕಿತು. ಹಾಸಿಗೆ ಹುಣ್ಣಿಗೆ ಬ್ರೇಡನ್ ಅಳತೆ ಇದೆ: ಸ್ಪರ್ಶಜ್ಞಾನ, ತೇವ, ಓಡಾಟ, ಮಗ್ಗಲು ಬದಲಿಸುವ ಶಕ್ತಿ, ಆಹಾರ, ಉಜ್ಜುವಿಕೆ ಈ ಆರಕ್ಕೆ ಅಂಕ ಕೊಡುತ್ತಾರೆ. ಒಟ್ಟು 23ಕ್ಕೆ 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣು ಏಳುವ ಮೊದಲೇ ಎಚ್ಚರವಾಗಬೇಕು.

ಕಾಲೇಜಿನಲ್ಲಿ ಇದನ್ನು ಕಲಿಸುವುದಿಲ್ಲವೆ?

ಕಲಿಸುತ್ತಾರೆ, ಆದರೆ ದೊಡ್ಡ ತಾಟಿನ ಮೂಲೆಗೆ ಬಡಿಸಿದ ಉಪ್ಪಿನಕಾಯಿಯಷ್ಟು. 2021-22ರಿಂದ ಸೆಮಿಸ್ಟರ್ ಪದ್ಧತಿಗೆ ಬಂದ ಬಿ.ಎಸ್ಸಿ. ಪಠ್ಯದಲ್ಲಿ ಹಿರಿಯರ ಆರೈಕೆ ಇದೆ, ವಯಸ್ಕರ ಶುಶ್ರೂಷೆ ಎಂಬ ವಿಷಯದ ಒಳಗೊಂದು ಭಾಗವಾಗಿ. ಇದನ್ನೇ ಆಳವಾಗಿ ಕಲಿಯಬೇಕೆಂದರೆ ಭಾರತೀಯ ನರ್ಸಿಂಗ್ ಪರಿಷತ್ತು ರೂಪಿಸಿದ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಜೀರಿಯಾಟ್ರಿಕ್ ನರ್ಸಿಂಗ್ ಎಂಬ ಹೆಸರಿನಲ್ಲಿ. ಕೆಲಸದಲ್ಲಿರುವವರಿಗೆ ನೋಂದಣಿ ನವೀಕರಣದ ಹೊತ್ತಿಗೆ ಲೆಕ್ಕಕ್ಕೆ ಬರುವ ನಿರಂತರ ಶಿಕ್ಷಣದ ತಾಸುಗಳಿವೆ. ಯಾವ ವಿಷಯಕ್ಕೆ ಆ ತಾಸು ಕೊಡಬೇಕೆಂದು ಆರಿಸುವಾಗ ಹಿರಿಯರ ಆರೈಕೆಯನ್ನು ಆರಿಸಬಹುದು.

ಸರಕಾರದ ಕಡೆಯಿಂದ 2010-11ರಲ್ಲಿ ಶುರುವಾದ ಹಿರಿಯರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವಿದೆ. ಜಿಲ್ಲಾ ಆಸ್ಪತ್ರೆಯಲ್ಲಿ 10 ಹಾಸಿಗೆಯ ಹಿರಿಯರ ವಾರ್ಡು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಮ್ಮೆ ಹಿರಿಯರ ಕ್ಲಿನಿಕ್ಕು, ಸಿಬ್ಬಂದಿಗೆ ತರಬೇತಿ ಇದರ ಚೌಕಟ್ಟು. ನರ್ಸಿಂಗ್ ಕಲಿಸುವ ಶಕ್ತಿಗೂ ನಮ್ಮಲ್ಲಿ ಕೊರತೆಯಿಲ್ಲ. ಬೆಳಗಾವಿಯ ಕೆಎಲ್ಇ, ವಿಜಯಪುರದ ಬಿಎಲ್‌ಡಿಇ, ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಮೂರೂ ವರ್ಷಗಳಿಂದ ನರ್ಸಿಂಗ್ ಕಾಲೇಜು ನಡೆಸುತ್ತ ಬಂದಿವೆ.

ಕೈಹಿಡಿದು ಕಲಿಸುವವರು

ಜೋಳದ ರೊಟ್ಟಿ ಮಾಡುವುದನ್ನು ಯಾರೂ ಓದಿ ಕಲಿತಿಲ್ಲ. ಹಿಟ್ಟಿಷ್ಟು, ಎಸರಿಷ್ಟು ಎಂದು ಬರೆದುಕೊಡಬಹುದು. ನಾದಿದ್ದು ಸಾಕೋ ಇಲ್ಲವೋ ಎಂಬುದು ಕೈಗೆ ಗೊತ್ತಾಗಬೇಕು. ಅದಕ್ಕೆ ಪಕ್ಕದಲ್ಲೊಬ್ಬರು ಕೂತು, "ಇನ್ನೊಂದೀಟ ನಾದು, ಅಂಚು ಸೀಳಾಕತ್ತೈತಿ ನೋಡು" ಅನ್ನಬೇಕು. ನರ್ಸಿಂಗ್‌ನಲ್ಲಿ ಹೀಗೆ ಪಕ್ಕದಲ್ಲಿರುವವರು ಎರಡು ಥರ.

ಪ್ರಿಸೆಪ್ಟರ್ ಅಂದರೆ ಹೊಸಬರು ಸೇರಿದ ಮೊದಲ ವಾರ ತಿಂಗಳುಗಳಲ್ಲಿ ಜೊತೆಯೇ ಡ್ಯೂಟಿ ಮಾಡುತ್ತ, ಈ ಕೆಲಸ ಇವರಿಗೆ ಬರುತ್ತದೆ ಎಂದು ಸಹಿ ಹಾಕುವ ಹಿರಿಯರು. ಅದೊಂದು ನಿಗದಿತ ಜವಾಬ್ದಾರಿ, ಅವಧಿ ಮುಗಿದರೆ ಮುಗಿಯಿತು. ಮೆಂಟರ್ ಸಂಬಂಧ ಉದ್ದದ್ದು. ಅಲ್ಲಿ ಸಹಿಯಿಲ್ಲ, ಪರೀಕ್ಷೆಯಿಲ್ಲ. "ನಾ ಇವತ್ತ ತಪ್ಪ ಮಾಡಿದೆ ಅನಸ್ತೈತ್ರಿ ಅಕ್ಕಾ" ಎಂದು ಹೆದರದೆ ಹೇಳಿಕೊಳ್ಳಬಹುದಾದ ಒಬ್ಬರು ಇರುತ್ತಾರೆ. ಅದಕ್ಕೇ ಮೆಂಟರ್ ಆದವರು ಅದೇ ನರ್ಸಿನ ಸಂಬಳ, ರಜೆ ನಿರ್ಧರಿಸುವ ಮೇಲಧಿಕಾರಿ ಆಗದಿರುವುದು ಒಳ್ಳೆಯದು.

ನರ್ಸ್‌ಗಳು ಹೇಗೆ ಪಳಗುತ್ತಾರೆ ಎಂಬುದನ್ನು ಅಮೆರಿಕದ ನರ್ಸಿಂಗ್ ಅಧ್ಯಾಪಕಿ ಪೆಟ್ರೀಶಿಯಾ ಬೆನ್ನರ್ 1984ರಲ್ಲಿ ಐದು ಮೆಟ್ಟಿಲುಗಳಾಗಿ ವಿವರಿಸಿದರು. ಕೆಳಗಿನ ಮೆಟ್ಟಿಲಲ್ಲಿ ನಿಯಮ ನೋಡಿ ಮಾಡುವ ಹೊಸಬರು, ಮೇಲಿನ ಮೆಟ್ಟಿಲಲ್ಲಿ ನೋಡುತ್ತಿದ್ದಂತೆ ಏನೋ ಸರಿಯಿಲ್ಲ ಎಂದು ಹಿಡಿಯುವ ನಿಪುಣರು. ಅವರು ಹೇಳಿದ ಒಂದು ಮಾತು ನನಗೆ ಮುಖ್ಯ ಅನ್ನಿಸುತ್ತದೆ: ಒಂದು ವಿಭಾಗದಲ್ಲಿ ನಿಪುಣರಾದವರೂ ಗೊತ್ತಿಲ್ಲದ ವಿಭಾಗಕ್ಕೆ ಹೋದರೆ ಮತ್ತೆ ಹೊಸಬರೇ. ಐಸಿಯುದಲ್ಲಿ ಹತ್ತು ವರ್ಷ ದುಡಿದ ನರ್ಸ್ ವೃದ್ಧಾಶ್ರಮಕ್ಕೆ ಬಂದರೆ ಆಕೆಗೂ ಮೆಂಟರ್ ಬೇಕು. ಇದನ್ನು ಅವಮಾನ ಎಂದು ತಿಳಿಯಬೇಕಿಲ್ಲ.

ಮೆಂಟರ್ ಕಲಿಸುವುದು ಬಹುಪಾಲು ಪ್ರಶ್ನೆ ಕೇಳುವುದರಿಂದ. ಹೊಸಬಳು ಬಂದು, "ಆರನೇ ನಂಬರ್ ಅಜ್ಜ ಊಟ ಬ್ಯಾಡ ಅಂತಾರ್ರಿ, ಹಟ ಹಿಡದಾರ" ಅನ್ನುತ್ತಾಳೆ ಅಂದುಕೊಳ್ಳಿ. ಮೆಂಟರ್ ಉತ್ತರ ಹೇಳುವುದಿಲ್ಲ. "ಹಲ್ಲಿನ ಸೆಟ್ ಹಾಕ್ಯಾರೇನು? ಬಾಯಾಗ ಹುಣ್ಣ ಐತೇನು ನೋಡಿದಿ? ಎರಡಕ್ಕ ಹೋಗಿ ಎಷ್ಟ ದಿನ ಆತು? ತಂಬಾಕು ತಿಂತಿದ್ರೇನು, ಈಗ ಬಂದ್ ಆಗೈತೇನು?" ಎಂದು ಕೇಳುತ್ತಾರೆ. ಹುಡುಗಿ ಮತ್ತೆ ಹೋಗಿ ನೋಡುತ್ತಾಳೆ. ಹಟ ಎಂಬ ಮಾತು ಅವಳ ಬಾಯಿಂದ ಬಿಟ್ಟುಹೋಗಿ ಕಾರಣ ಹುಡುಕುವ ರೂಢಿ ಬೀಳುತ್ತದೆ.

ಇನ್ನೊಂದು ಕೆಲಸವಿದೆ, ಅದು ಯಾವ ಪಠ್ಯದಲ್ಲೂ ಸರಿಯಾಗಿ ಹಿಡಿಸುವುದಿಲ್ಲ. ಆಸ್ಪತ್ರೆಯಲ್ಲಿ ರೋಗಿ ವಾಸಿಯಾಗಿ ಮನೆಗೆ ಹೋಗುತ್ತಾರೆ. ಹಿರಿಯರ ಆರೈಕೆಯಲ್ಲಿ ಎರಡು ವರ್ಷ ಕೈಯಾರೆ ಉಣಿಸಿದವರು ಒಂದು ಬೆಳಗ್ಗೆ ಇರುವುದಿಲ್ಲ. ಮಂಚಕ್ಕೆ ಹೊಸ ಚಾದರ ಹಾಸಿ ಅದೇ ಮಧ್ಯಾಹ್ನ ಇನ್ನೊಬ್ಬರನ್ನು ಬರಮಾಡಿಕೊಳ್ಳಬೇಕು. 22 ವರ್ಷದ ಹುಡುಗಿ ಈ ದುಃಖವನ್ನು ಒಬ್ಬಳೇ ನುಂಗಿದರೆ ಒಂದೋ ಕೆಲಸ ಬಿಡುತ್ತಾಳೆ, ಇಲ್ಲವೇ ಕಲ್ಲಾಗುತ್ತಾಳೆ. ಅವತ್ತು ಅವಳ ಜೊತೆ ಹತ್ತು ನಿಮಿಷ ಕೂತು ಆ ಅಜ್ಜಿಯ ಬಗ್ಗೆ ಮಾತಾಡುವುದೂ ಮೆಂಟರ್ ಕೆಲಸವೇ.

ಒಬ್ಬರೇ ನರ್ಸ್ ಇರುವ ಸಣ್ಣ ವೃದ್ಧಾಶ್ರಮದಲ್ಲಿ ಏನು ಮಾಡುವುದು? ದೂರದಿಂದಲೂ ಆಗುತ್ತದೆ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಎಕೋ ಎಂಬ ವಿಧಾನದಲ್ಲಿ, ಬೇರೆಬೇರೆ ಊರಿನವರು ಗೊತ್ತುಪಡಿಸಿದ ದಿನ ವಿಡಿಯೊದಲ್ಲಿ ಸೇರಿ, ರೋಗಿಯ ಹೆಸರು ಹೇಳದೆ ತಮ್ಮ ಕೈಯಲ್ಲಿರುವ ಕೇಸನ್ನು ತಜ್ಞರ ಮುಂದಿಟ್ಟು ಚರ್ಚಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಈ ಮಾದರಿಯಲ್ಲಿ ತರಬೇತಿ ನಡೆಸುತ್ತ ಬಂದಿದೆ.

ನಮ್ಮ ಊರೇ ಕಲಿಸಬೇಕಾದ ಪಾಠ

ಬಾಗಲಕೋಟೆಯ ಹಳೆಯ ಊರಿನ ಭಾಗಗಳು ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ ಜನ ನವನಗರಕ್ಕೆ ಬಂದರು. ಅಲ್ಲಿ ಡಿಮೆನ್ಷಿಯಾ ಇರುವ ಅಜ್ಜನೊಬ್ಬ ಸಂಜೆಯಾದರೆ, "ನನ್ನ ಮನೀಗೆ ಕರಕೊಂಡ ಹೋಗ್ರಿ" ಎಂದು ಬಾಗಿಲಿಗೆ ಬಂದು ನಿಂತರೆ ನರ್ಸ್ ಏನನ್ನಬೇಕು? "ನಿಮ್ಮ ಮನಿ ನೀರಾಗ ಹೋಗೈತ್ರಿ" ಅಂದರೆ ಪ್ರತಿ ಸಂಜೆ ಅವನ ಮನೆ ಹೊಸದಾಗಿ ಮುಳುಗುತ್ತದೆ. "ನಾಳೆ ಹೋಗೂಣು" ಅಂದರೆ ಸುಳ್ಳು. ಪಳಗಿದ ನರ್ಸ್, "ನಿಮ್ಮ ಮನೀ ಕಟ್ಟಿ ಮ್ಯಾಲ ಯಾರ್ಯಾರು ಕೂಡತಿದ್ರು ಮುತ್ಯಾ?" ಎಂದು ಕೇಳುತ್ತಾಳೆ. ಅವನಿಗೆ ಬೇಕಿದ್ದದ್ದು ಆ ಮನೆಯ ನೆಮ್ಮದಿ. ಮಾತಿನಲ್ಲಿ ಅದರ ಒಂದು ಪಾಲಾದರೂ ಸಿಗುತ್ತದೆ. ಇಂಥ ಉತ್ತರವನ್ನು ಬೇರೆ ಊರಿನ ಪುಸ್ತಕ ಕೊಡಲಾರದು, ಇಲ್ಲಿನ ಹಿರಿಯ ನರ್ಸ್ ಕೊಡಬಲ್ಲರು.

ಭಾಷೆಯೂ ಹಾಗೆಯೇ. ಡಿಮೆನ್ಷಿಯಾ ಬೆಳೆದಂತೆ ಎಷ್ಟೋ ಜನರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಎಳವೆಯದು ಉಳಿಯುತ್ತದೆ. ಬೆಳಗಾವಿಯಲ್ಲಿ ಜೀವನವಿಡೀ ಚೊಕ್ಕ ಕನ್ನಡ ಮಾತಾಡಿದ ಆಯಿ ಕೊನೆಗೆ ಮರಾಠಿಗೆ ಮರಳಬಹುದು; ವಿಜಯಪುರದ ತಾಂಡಾದ ಅಜ್ಜಿ ಲಂಬಾಣಿಗೆ, ಇನ್ನೊಬ್ಬರು ಉರ್ದುವಿಗೆ. "ದುಖತಂಯ್ ಕಾ?" ಎಂದು ಮರಾಠಿಯಲ್ಲಿ ನೋವು ಕೇಳಲು ಬಂದರೆ, ನೀರು, ಪಾಯಖಾನೆ, ಚಳಿ ಎಂಬ ಹತ್ತು ಪದ ಮೂರು ಭಾಷೆಯಲ್ಲಿ ಗೊತ್ತಿದ್ದರೆ ಎಷ್ಟು ಸಂಕಟ ತಪ್ಪುತ್ತದೆ!

ಓದು ಬರದ ಹಿರಿಯರಿಗೆ ಗಡಿಯಾರ ಬಿಡಿಸಲು ಹೇಳಿ ಬುದ್ಧಿ ಅಳೆಯುವುದು ಅನ್ಯಾಯ. ತಾರೀಖು ಕೇಳುವ ಬದಲು ಅಮಾಸಿ ಎಂದು ಬರುತ್ತದೆ, ಬನಶಂಕರಿ ಜಾತ್ರೆ ಆಯಿತೋ ಇನ್ನೂ ಇದೆಯೋ ಎಂದು ಕೇಳಬಹುದು. ನೋವನ್ನು ಹತ್ತಕ್ಕೆ ಎಷ್ಟು ಎಂದರೆ ತಿಳಿಯದವರು ಹದಿನಾರಾಣೆಗೆ ಎಷ್ಟಾಣೆ ಎಂದರೆ ಥಟ್ಟನೆ ಹೇಳಿಯಾರು. ಮಾತೇ ಆಡದವರಲ್ಲಿ ಉಸಿರು, ನರಳಿಕೆ, ಮುಖಭಾವ, ಮೈಯ ಬಿಗಿತ, ಸಮಾಧಾನಕ್ಕೆ ಸ್ಪಂದಿಸುವ ರೀತಿ ಈ ಐದನ್ನು ನೋಡಿ ನೋವಿಗೆ ಅಂಕ ಕೊಡುವ ವಿಧಾನವಿದೆ. ಸಕ್ಕರೆ ಕಾಯಿಲೆಯವರು ಸೋಮವಾರ, ಏಕಾದಶಿ, ರೋಜಾ ಹಿಡಿದಿದ್ದಾರೆಯೆ ಎಂದು ಗುಳಿಗೆ ಕೊಡುವ ಮುಂಚೆ ಕೇಳುವುದೂ ನಮ್ಮಲ್ಲಿ ತರಬೇತಿಯ ಭಾಗವಾಗಲೇಬೇಕು.

ಇಳಕಲ್ಲಿನ ನೇಕಾರ ಅಜ್ಜನಿಗೆ ಮೊಣಕಾಲಿನ ಆಪರೇಷನ್ ಆಯಿತೆನ್ನಿ. "ನೂರು ಹೆಜ್ಜೆ ನಡಿಯಬೇಕು" ಎಂಬ ಗುರಿ ಅವನಿಗೆ ಏನೂ ಅಲ್ಲ. ಮಗ್ಗದ ಕುಣಿಗೆ ಕಾಲು ಇಳಿಬಿಟ್ಟು ಕೂತು ಮೊಮ್ಮಗನ ನೇಯ್ಗೆ ನೋಡಬೇಕೆಂಬುದು ಅವನ ಆಸೆ ಇರಬಹುದು. ನಿಮಗೆ ಯಾವುದು ಮುಖ್ಯ ಎಂದು ಕೇಳಿ ಅಲ್ಲಿಂದ ಆರೈಕೆ ಶುರುಮಾಡಬೇಕೆಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು.

ಬೇರೆ ದೇಶಗಳು ಹೇಗೆ ಮಾಡುತ್ತವೆ

ಜರ್ಮನಿಗೆ ಹೋಗಲು ಸಿದ್ಧವಾಗುತ್ತಿರುವ ನಮ್ಮ ಮಕ್ಕಳಿಗೂ ಇದು ಉಪಯೋಗವಾದೀತು. ಅಲ್ಲಿ 2020ರ ಜನವರಿಯಿಂದ ಹಿರಿಯರ ಆರೈಕೆ, ಮಕ್ಕಳ ಶುಶ್ರೂಷೆ, ಸಾಮಾನ್ಯ ನರ್ಸಿಂಗ್ ಮೂರನ್ನೂ ಸೇರಿಸಿ ಒಂದೇ ಮೂರು ವರ್ಷದ ತರಬೇತಿ ಮಾಡಿದ್ದಾರೆ. ಪ್ರಾಯೋಗಿಕ ಅವಧಿಯ ಕನಿಷ್ಠ ಶೇ 10ರಷ್ಟನ್ನು ಮಾರ್ಗದರ್ಶಕ ನರ್ಸ್ ಜೊತೆ ಕೂತು ಕಲಿಯಬೇಕೆಂದು ಕಾನೂನೇ ಹೇಳುತ್ತದೆ. ಆ ಮಾರ್ಗದರ್ಶಕರಾಗಲು ಕಲಿಸುವ ಕಲೆಯಲ್ಲೇ 300 ತಾಸಿನ ತರಬೇತಿ, ಮುಂದೆ ಪ್ರತಿವರ್ಷ 24 ತಾಸು ಬೇಕು. ಒಳ್ಳೆಯ ನರ್ಸ್ ಆದ ಮಾತ್ರಕ್ಕೆ ಕಲಿಸಲು ಬಂದುಬಿಡುವುದಿಲ್ಲ ಎಂಬುದನ್ನು ಅವರು ಒಪ್ಪಿಕೊಂಡಿದ್ದಾರೆ. ನಾವು ಕಲಿಯಬೇಕಾದದ್ದು ಇದು ಎಂದು ನನಗೆ ತೋರುತ್ತದೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಹಿರಿಯರ ವಸತಿ ಆರೈಕೆ ಕೇಂದ್ರಗಳಲ್ಲಿ ದಿನದ 24 ತಾಸೂ ನೋಂದಾಯಿತ ನರ್ಸ್ ಇರಬೇಕೆಂಬ ನಿಯಮ ಬಂದಿದೆ.

ಮನೆಯವರು ಕೇಳಬೇಕಾದದ್ದು

ಅವ್ವನನ್ನು ಮನೆಗೆ ಕರೆತಂದ ಮೇಲೆ ಒಂದೂವರೆ ತಿಂಗಳು ನರ್ಸ್ ಬೇಕಾಯಿತು. ಆಸ್ಪತ್ರೆಯ ಪಾಠ ಆಗಿತ್ತಲ್ಲ, ಈ ಸಲ ದರ ಕೇಳುವ ಮೊದಲು ಬೇರೆ ಪ್ರಶ್ನೆ ಕೇಳಿದೆವು. ನೋಂದಣಿ ಸಂಖ್ಯೆ ಏನು, ಹಿರಿಯರ ಜೊತೆ ಎಲ್ಲಿ ಕೆಲಸ ಮಾಡಿದ್ದೀರಿ, ದಿನದ ವರದಿ ಎಲ್ಲಿ ಬರೆಯುತ್ತೀರಿ. ನಮ್ಮ ಕಡೆಯಿಂದಲೂ ಒಂದು ಹಾಳೆ ಬರೆದುಕೊಟ್ಟೆವು: ಅವ್ವನಿಗೆ ಎಡಗಿವಿ ಮಂದ, ರೊಟ್ಟಿ ಹಾಲಿನಲ್ಲಿ ನೆನೆಸಬೇಕು, ರಾತ್ರಿ ದೀಪ ಪೂರ್ತಿ ಆರಿಸಿದರೆ ಹೆದರುತ್ತಾಳೆ. ಮೊದಲು ಹೇಗಿದ್ದಳೆಂದು ಗೊತ್ತಿದ್ದರೆ ತಾನೆ ಬದಲಾದದ್ದು ಗೊತ್ತಾಗುವುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಮೂರು ತಿಂಗಳಲ್ಲಿ 3 ಕಿಲೊಗಿಂತ ಹೆಚ್ಚು ತೂಕ ಇಳಿದರೆ ವಿಚಾರಿಸಲೇಬೇಕು. ಹಾಗಾಗಿ ತೂಕದ ಲೆಕ್ಕವೂ ಆ ಹಾಳೆಯಲ್ಲಿತ್ತು. ಹತ್ತಿರ ಯಾರೂ ಇಲ್ಲದ ಹಿರಿಯರಿಗೆ, ಹಿಂಸೆ ಅನುಭವಿಸುತ್ತಿರುವವರಿಗೆ 14567 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ, ಆ ಸಂಖ್ಯೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡುವುದು ಒಳ್ಳೆಯದು.

ಕೊನೆಗೆ ಬಂದ ಹುಡುಗಿಗೆ ನನ್ನ ಹೆಂಡತಿ ಕೇಳಿದಳು, "ರಾತ್ರಿ ಏನರ ಅನುಮಾನ ಬಂತಂದ್ರ ಯಾರನ್ನ ಕೇಳ್ತೀಯವಾ?" ಹುಡುಗಿ ಚೀಲದಿಂದ ಡೈರಿ ತೆಗೆದು ಮೊದಲ ಪುಟ ತೋರಿಸಿದಳು. ಅಲ್ಲಿ ಒಂದು ಫೋನ್ ನಂಬರ್ ಇತ್ತು. "ನಮ್ಮ ಹಳೇ ವಾರ್ಡಿನ ಇನ್‌ಚಾರ್ಜ್ ಸಿಸ್ಟರದ್ದರೀ. ರಾತ್ರಿ ಎರಡಕ್ಕ ಮಾಡಿದ್ರೂ ಎತ್ತತಾರ."